ಒಂದು ಸಲ ಬಡಿದರೆ ನಿಲ್ಲಬೇಕು

ಕಳೆದ ವಾರ ಕೊಪ್ಪದ ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಹಳೇ ಬಸ್ ಸೀಟೊಂದನ್ನು ಬಿಚ್ಚಿ ಬಿಸಿಲಿಗೆ ಇಟ್ಟಿದ್ದರು. ಹೊಲಿಗೆಯವನು ರೆಕ್ಸಿನ್ ಕಿತ್ತು ಒಳಗಿನ ತೆಂಗಿನ ನಾರನ್ನು ಕೋಲಿನಿಂದ ಬಡಿಯುತ್ತಿದ್ದ. ಕಾದ ರೆಕ್ಸಿನ್ನು, ಪುಡಿಯಾದ ನಾರು, ವರ್ಷಗಟ್ಟಲೆ ಅದರ ಮೇಲೆ ಕೂತವರ ಬೆವರು, ಸ್ವಲ್ಪ ಡೀಸೆಲ್ಲು... ಆ ವಾಸನೆ ಮೂಗಿಗೆ ಬಂದದ್ದೇ ನನ್ನ ಕಾಲು ಅಲ್ಲೇ ನಿಂತುಬಿಟ್ಟಿತು. ಕೈಯಲ್ಲಿ ಸ್ಟ್ಯಾಂಪ್ ಪೇಪರಿನ ಕವರು ಇತ್ತು, ಆಫೀಸಿನಲ್ಲಿ ಕಕ್ಷಿದಾರರು ಕಾಯುತ್ತಿದ್ದರು. ಆದರೂ ಅಲ್ಲಿಂದ ಅಲುಗಾಡಲು ಆಗಲಿಲ್ಲ. ಎಂಟು ವರ್ಷದ ಹಿಂದೆ ಇಡೀ ಒಂದು ಬೇಸಿಗೆಯ ಭಾನುವಾರಗಳನ್ನು ನಾನು ಆ ವಾಸನೆಯೊಳಗೆ ಕೂತು ಕಳೆದಿದ್ದೆ.

ಅವರನ್ನು ನಾವೆಲ್ಲ ಕಂಡಕ್ಟರು ಅಂತಲೇ ಕರೆಯುತ್ತಿದ್ದೆವು. ಮೊದಲು ನರಸಿಂಹರಾಜಪುರದಿಂದ ಕೊಪ್ಪಕ್ಕೆ, ಆಮೇಲೆ ಕೊಪ್ಪದಿಂದ ಶೃಂಗೇರಿಗೆ, ಹೀಗೆ ಮೂವತ್ತು ವರ್ಷ ಖಾಸಗಿ ಬಸ್ಸುಗಳಲ್ಲಿ ನಿಂತೇ ಓಡಾಡಿದ ಮನುಷ್ಯ. ಮಂಡಿ ಸವೆದ ಮೇಲೆ ಕೆಲಸ ಬಿಟ್ಟು, ಟಯರ್ ರಿಪೇರಿ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಒಬ್ಬರೇ ಇದ್ದರು. ಗುಜರಿಗೆ ಹೋದ ಬಸ್ಸಿನ ಎರಡು ಸೀಟುಗಳನ್ನು ತಂದು ಎದುರುಬದುರು ಹಾಕಿಕೊಂಡಿದ್ದರು. ನಡುವೆ ಒಂದು ಮರದ ಮೇಜು. ಕುರ್ಚಿಯಲ್ಲಿ ಕೂತರೆ ತನಗೆ ಬೆನ್ನು ನಿಲ್ಲುವುದಿಲ್ಲ ಅನ್ನುತ್ತಿದ್ದರು. ಮಾತು ಕಡಿಮೆ. ಆದರೆ ಯಾರನ್ನು ಕಂಡರೂ ಅವರು ಎಲ್ಲಿ ಹತ್ತಿ ಎಲ್ಲಿ ಇಳಿಯುವವರು ಅನ್ನುವುದು ಅವರಿಗೆ ನೆನಪಿರುತ್ತಿತ್ತು.

ನಾನು ಆಗಲೂ ಈಗಲೂ ಒಬ್ಬ ನೋಟರಿ ವಕೀಲರ ಕಚೇರಿಯಲ್ಲಿ ಟೈಪಿಸ್ಟು. ಒಂದು ದಿನ ಕಂಡಕ್ಟರು ಹಳೇ ರಟ್ಟಿನ ಡಬ್ಬಿ ಹಿಡಿದು ಬಂದು ನನ್ನ ಮೇಜಿನ ಮೇಲಿಟ್ಟರು. ಶೃಂಗೇರಿಗೆ ಬಂದ ಯಾವುದೋ ಪ್ರವಾಸಿಗಳು ಬಸ್ಸಿನಲ್ಲಿ ಬಿಟ್ಟು ಹೋದದ್ದಂತೆ. ವರ್ಷ ಕಾದರೂ ಕೇಳಿಕೊಂಡು ಯಾರೂ ಬಂದಿರಲಿಲ್ಲ. ಒಳಗೆ ಇಂಗ್ಲಿಷಿನ ಒಂದು ದಪ್ಪ ಪುಸ್ತಕ, ಒಂದಿಷ್ಟು ಖಾಲಿ ಹಾಳೆ, ಬಣ್ಣಬಣ್ಣದ ದಾಳಗಳು. ಒಂದು ದಾಳಕ್ಕಂತೂ ಇಪ್ಪತ್ತು ಮುಖ.

"ಆಟದ ಪುಸ್ತಕ ಅಂತ ಕಾಣ್ತದೆ. ಎಂತ ಆಟ ಅಂತ ಓದಿ ಹೇಳ್ತೀಯಾ? ಹೇಳಿದ್ದನ್ನ ಕನ್ನಡದಲ್ಲಿ ಟೈಪ್ ಮಾಡಿಕೊಡು" ಅಂದರು.

ಹದಿನೈದು ದಿನ ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಓದಿದೆ. ವಿಚಿತ್ರವಾದ ಆಟ. ಮಣೆಯಿಲ್ಲ, ಕಾಯಿಗಳಿಲ್ಲ, ಗೆಲುವು ಸೋಲು ಇಲ್ಲ. ಒಬ್ಬರು ಒಂದು ಜಾಗವನ್ನು ಮಾತಿನಲ್ಲೇ ಕಟ್ಟುತ್ತಾರೆ. ಉಳಿದವರು ಒಂದೊಂದು ಪಾತ್ರವಾಗಿ ಆ ಜಾಗದೊಳಗೆ ಹೋಗಿ, ತಾವು ಏನು ಮಾಡುತ್ತೇವೆ ಅಂತ ಹೇಳುತ್ತಾರೆ. ಆದೀತೋ ಆಗದೋ ಎಂಬ ಅನುಮಾನ ಬಂದರೆ ದಾಳ ಹಾಕುವುದು. ಎಲ್ಲವೂ ಮಾತಿನಲ್ಲೇ ನಡೆಯುವ ಆಟವಾದ್ದರಿಂದ, ಯಾವ ಮಾತು ನಿಲ್ಲುತ್ತದೆ, ಯಾವುದು ನಿಲ್ಲುವುದಿಲ್ಲ ಎಂಬುದನ್ನು ಕೂರುವ ಮೊದಲೇ ಎಲ್ಲರೂ ಒಪ್ಪಿಕೊಂಡಿರಬೇಕು ಅಂತ ಪುಸ್ತಕ ಮತ್ತೆ ಮತ್ತೆ ಹೇಳುತ್ತಿತ್ತು. ಕಂಡಕ್ಟರಿಗೆ ಹಿಡಿಸಿದ್ದು ಅದೇ.

ಆಟಕ್ಕೆ ಇನ್ನಿಬ್ಬರನ್ನು ಅವರೇ ಹುಡುಕಿದರು. ಒಬ್ಬ ಇಮ್ತಿಯಾಜ್, ಪೇಟೆಯಲ್ಲಿ ಚಪ್ಪಲಿ ಅಂಗಡಿ ಇಟ್ಟವನು, ಭಾನುವಾರ ಅಂಗಡಿ ಅರ್ಧ ದಿನ. ಇನ್ನೊಬ್ಬರು ಶೃಂಗೇರಿಯ ಸುಮಿತ್ರಕ್ಕ, ನಿವೃತ್ತ ಅಂಗನವಾಡಿ ಟೀಚರು. ಅವರು ಕಂಡಕ್ಟರ ಬಸ್ಸಿನಲ್ಲಿ ಇಪ್ಪತ್ತು ವರ್ಷ ಅದೇ ಕಿಟಕಿ ಪಕ್ಕ ಕೂತು ಓಡಾಡಿದವರು. ಮೊದಲ ಭಾನುವಾರ ಆಟ ಆಡಲೇ ಇಲ್ಲ. ನಿಯಮ ಬರೆಯುವುದರಲ್ಲೇ ಸಂಜೆಯಾಯಿತು. ಇಮ್ತಿಯಾಜನಿಗೆ ಹೊಡೆದಾಟ ಬೇಕು, ಸುಮಿತ್ರಕ್ಕನಿಗೆ ಹೊಡೆದಾಟ ಬೇಡ. ಯಾರ ದೇವರನ್ನೂ ಆಟಕ್ಕೆ ಎಳೆಯಬಾರದು ಅಂತ ಇಮ್ತಿಯಾಜ್, ಮಕ್ಕಳು ಸಾಯಬಾರದು ಅಂತ ಸುಮಿತ್ರಕ್ಕ. ನಿಮಗೇನು ಬೇಡ ಅಂತ ನಾನು ಕಂಡಕ್ಟರನ್ನು ಕೇಳಿದೆ. ಅವರು ದಾಳವನ್ನು ಅಂಗೈಯಲ್ಲಿ ಉರುಳಿಸುತ್ತಾ, "ನಂಗೆ ಬೇಡ ಅನ್ನುವಂಥದ್ದು ಎಂತದೂ ಇಲ್ಲ" ಅಂದರು. ನಾವು ಅಲ್ಲಿಗೇ ಬಿಟ್ಟೆವು. ಆಡಿಸುವವನಿಗೂ ಒಂದು ಬೇಡ ಇರಬಹುದು ಅಂತ ನಮಗೆ ಹೊಳೆಯಲಿಲ್ಲ...

ಕೊನೆಗೆ ನಾಲ್ಕು ನಿಯಮ ಉಳಿದವು. ಜಾಗವನ್ನು ಕಂಡಕ್ಟರು ಹೇಳಬೇಕು, ಆದರೆ ದಾರಿಯಲ್ಲಿ ಏನು ಕಾಣುತ್ತದೆ ಅನ್ನುವುದನ್ನು ಪ್ಯಾಸೆಂಜರು, ಅಂದರೆ ನಾವು ಹೇಳಬೇಕು. ಒಬ್ಬರು ಒಂದು ಸಲ ಹೇಳಿದ್ದನ್ನು ಯಾರೂ ಇಲ್ಲ ಅನ್ನುವಂತಿಲ್ಲ, ಸೇರಿಸಬಹುದು ಅಷ್ಟೆ. ಅನುಮಾನ ಬಂದರೆ ದಾಳ. ನಾಲ್ಕನೆಯದನ್ನು ಅವರು ತಮ್ಮ ಬಸ್ಸಿನಿಂದಲೇ ತಂದರು. ಬಸ್ಸಿನ ಮೈಗೆ ಎರಡು ಸಲ ಬಡಿದರೆ ರೈಟ್, ಒಂದು ಸಲ ಬಡಿದರೆ ಸ್ಟಾಪ್. ಹಾಗೆಯೇ ಯಾರಿಗಾದರೂ ಆಟ ಮುಂದೆ ಹೋಗುವುದು ಬೇಡ ಅನ್ನಿಸಿದರೆ ಮೇಜಿಗೆ ಒಂದು ಸಲ ಬಡಿಯಬೇಕು. ಬಡಿದರೆ ನಿಂತಿತು. ಯಾಕೆ ಅಂತ ಕೇಳುವಂತಿಲ್ಲ.

ಆ ನಿಯಮದ ವಾಕ್ಯ ಬರೆದವಳು ನಾನು. ಕರಾರುಪತ್ರಗಳನ್ನು ಟೈಪು ಮಾಡಿ ಮಾಡಿ ಕೈಗೆ ಬಂದ ಚಾಳಿ. "ಕಾರಣವನ್ನು ಆ ಕಾಲಕ್ಕಾಗಲಿ ತದನಂತರವಾಗಲಿ ಯಾರೂ ಕೇಳತಕ್ಕದ್ದಲ್ಲ" ಅಂತ ಹೊಡೆದೆ. ಕಂಡಕ್ಟರು ಓದಿ, "ತದನಂತರ ಅಂತ ಹಾಕಿದ್ದು ಒಳ್ಳೇದಾಯ್ತು" ಅಂದು, ನಾಲ್ವರ ಕೈಲೂ ಸಹಿ ಹಾಕಿಸಿದರು.

ಪುಸ್ತಕದಲ್ಲಿ ಇದ್ದದ್ದು ಕೋಟೆ, ಗುಹೆ, ಬೆಂಕಿ ಉಗುಳುವ ಪ್ರಾಣಿ. ಕಂಡಕ್ಟರಿಗೆ ಅದೆಲ್ಲ ಬರಲಿಲ್ಲ. ಎರಡನೇ ಭಾನುವಾರ ಮಧ್ಯಾಹ್ನ, ಫ್ಯಾನಿನ ಕೆಳಗೆ, ಅವರು ತಮಗೆ ಗೊತ್ತಿದ್ದನ್ನೇ ಹೇಳಿದರು. ಕಾಡಿನ ನಡುವೆ ಒಂದು ಬಸ್ಸು ಕೆಟ್ಟು ನಿಂತಿದೆ. ನೀವು ಮೂವರು ಇಳಿದಿದ್ದೀರಿ. ಇಮ್ತಿಯಾಜ್ ಕುಸ್ತಿಯವನು, ಸುಮಿತ್ರಕ್ಕ ಹೆರಿಗೆ ಮಾಡಿಸುವವಳು, ನಾನು ಊರೂರಿಗೆ ಹೋಗಿ ಕಾಗದ ಬರೆದುಕೊಡುವವಳು. ಏನು ಮಾಡ್ತೀರಿ?

ಯಾರಿಗೂ ಏನೂ ತೋಚಲಿಲ್ಲ. ಸುಮ್ಮನೆ ಕೂತರೆ ಆಟ ಕೆಟ್ಟೀತು ಅಂತ ನಾನು ಬಾಯಿಗೆ ಬಂದದ್ದು ಹೇಳಿದೆ. ನಮ್ಮ ಹಿಂದೆ ಇನ್ನೊಬ್ಬಳು ಇಳಿದಳು, ಹದಿನಾರು ಹದಿನೇಳರ ಹುಡುಗಿ. ನಮ್ಮ ಕಡೆ ನೋಡದೆ ಕಾಡಿನ ಕಾಲುದಾರಿ ಹಿಡಿದು ಹೋದಳು.

ಕಂಡಕ್ಟರು ನನ್ನನ್ನು ನೋಡಿದರು. ಅಷ್ಟು ಹೊತ್ತು ಅವರು ಯಾರನ್ನೂ ಹಾಗೆ ನೋಡಿದ್ದನ್ನು ನಾನು ಕಂಡಿರಲಿಲ್ಲ. ಅವರ ಬಲಗೈ ಮೇಜಿನಿಂದ ಎರಡು ಇಂಚು ಮೇಲಿತ್ತು. ಬಡಿಯಬಹುದಿತ್ತು. ಬಡಿಯಲಿಲ್ಲ. "ಸರಿ. ಇಳಿದಳು" ಅಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು.

ಅಲ್ಲಿಂದ ಮುಂದೆ ನಮ್ಮ ಆಟ ಅಂದರೆ ಆ ಹುಡುಗಿಯ ಹಿಂದೆ ಹೋಗುವುದು, ಅಷ್ಟೇ. ಹಾಗಂತ ಯಾರೂ ತೀರ್ಮಾನ ಮಾಡಿರಲಿಲ್ಲ. ಇಮ್ತಿಯಾಜ್ ಹೊಡೆದಾಟದ ಮಾತನ್ನೇ ಮರೆತ. ಕಂಡಕ್ಟರು ಸರದಿಯ ಮೇಲೆ ಒಬ್ಬೊಬ್ಬರನ್ನು ಕೇಳುವರು, ಮುಂದೆ ಎಂತ ಕಾಣ್ತದೆ? ಮೊದಲು ಮನಸ್ಸಿಗೆ ಬಂದದ್ದನ್ನು ಹೇಳಬೇಕು. ಸಿಡಿಲು ಹೊಡೆದು ಸೀಳಿದ ಮರ, ಒಂದು ಸೀಳು ಒಣಗಿದೆ, ಇನ್ನೊಂದು ಹಸಿರಾಗಿದೆ ಅಂತ ಇಮ್ತಿಯಾಜ್ ಹೇಳಿದ. ಕುಸಿದ ಮೋರಿ, ದಾಟಲು ಅಡ್ಡ ಹಾಕಿದ ಒಂದೇ ಒಂದು ಚಪ್ಪಡಿ ಅಂತ ಸುಮಿತ್ರಕ್ಕ. ಮೇಲಿನ ಮಾಡು ಹಾರಿಹೋದ ಒಂದು ಶೆಡ್ಡು, ಒಳಗೆ ತುಕ್ಕು ಹಿಡಿದ ದೊಡ್ಡ ಚಕ್ರ ಅಂತ ನಾನು. ನಾವು ಯಾರೂ ಯೋಚಿಸಿ ಹೇಳುತ್ತಿರಲಿಲ್ಲ. ಹೇಳಿದ ಮೇಲೆ ಮಾತ್ರ, ಅದು ಮೊದಲೇ ಅಲ್ಲಿತ್ತು, ನಾವು ಈಗ ಹತ್ತಿರ ಬಂದೆವು ಅನ್ನಿಸುತ್ತಿತ್ತು.

ಪ್ರತಿ ಭಾನುವಾರ ಒಂದು ಸಲ ಅವರು ಇಪ್ಪತ್ತು ಮುಖದ ದಾಳ ಹಾಕುತ್ತಿದ್ದರು. ಹುಡುಗಿ ತಿರುಗಿ ನೋಡುತ್ತಾಳೋ ಇಲ್ಲವೋ ಅಂತ. ಹದಿನೈದರ ಮೇಲೆ ಬಿದ್ದರೆ ನೋಡುತ್ತಾಳೆ. ಒಂಬತ್ತು ವಾರ ಹಾಕಿದರು, ಒಂಬತ್ತು ವಾರವೂ ಬೀಳಲಿಲ್ಲ. ಅವಳು ನಮ್ಮಿಂದ ಅಷ್ಟೇ ದೂರದಲ್ಲಿ, ಬೆನ್ನು ತೋರಿಸಿಕೊಂಡು ನಡೆಯುತ್ತಲೇ ಇದ್ದಳು. ನಾವು ಜೋರಾಗಿ ನಡೆದರೆ ಅವಳೂ ಜೋರಾಗಿ.

ಹಳೇ ಅಭ್ಯಾಸಕ್ಕೆ ಕಂಡಕ್ಟರು ಆಟ ಮುಗಿಸುವಾಗ ತಲೆ ಎಣಿಸುತ್ತಿದ್ದರು. ಬೆರಳು ನಮ್ಮ ಮೂವರ ಮೇಲೆ ಹೋಗಿ, ಆಮೇಲೆ ಇಮ್ತಿಯಾಜನ ಪಕ್ಕದ ಖಾಲಿ ಸೀಟಿನ ಮೇಲೆ ಒಂದು ಕ್ಷಣ ನಿಲ್ಲುತ್ತಿತ್ತು. ನಾಲ್ಕು ಅಂತ ಬರೆದುಕೊಳ್ಳುತ್ತಿದ್ದರು. ಮೊದಮೊದಲು ಸುಮಿತ್ರಕ್ಕ ನಗುತ್ತಿದ್ದರು. ಆಮೇಲೆ ಆ ಸೀಟಿನ ಮೇಲೆ ಚೀಲ ಇಡುವುದನ್ನು ಬಿಟ್ಟರು. ನಾನೂ ಬಿಟ್ಟೆ.

ಒಂದು ಭಾನುವಾರ ಇಮ್ತಿಯಾಜ್ ಹೇಳಿದ, "ಅವಳ ಎಡಗಾಲಿನ ಚಪ್ಪಲಿ ಬಾರು ಕಿತ್ತಿದೆ ಅಣ್ಣ. ಎಳ್ಕೊಂಡು ನಡೀತಾಳೆ."

ಕಂಡಕ್ಟರು ಬರೆಯುವುದನ್ನು ನಿಲ್ಲಿಸಿದರು. "ಅದು ನಿಂಗೆ ಹೆಂಗೆ ಗೊತ್ತು ಮಾರಾಯ?"

"ಗೊತ್ತು ಎಂತದು... ನಂದು ಚಪ್ಪಲಿ ಅಂಗಡಿ. ನಾನು ಕಾಲು ನೋಡದೆ ಮತ್ತೇನು ನೋಡ್ಲಿ?"

ಅವರು ನೋಟ್‌ಬುಕ್ಕು ಮುಚ್ಚಿದರು. ಅವತ್ತು ಆಟ ಬೇಗ ಮುಗಿಸಿದರು. ಮುಂದಿನ ಭಾನುವಾರ ಕೋಣೆಗೆ ಬೀಗ ಹಾಕಿತ್ತು. ಸುಮಿತ್ರಕ್ಕ ಶೃಂಗೇರಿಯಿಂದ ಬಂದದ್ದಕ್ಕೆ ಟಯರ್ ಅಂಗಡಿಯ ಮುಂದೆ ಚಹಾ ಕುಡಿದು ಬಸ್ಸು ಹತ್ತಿದರು.

ಅದರ ಮುಂದಿನ ವಾರ ಹೋದಾಗ ಅವರು ಆಗಲೇ ಸೀಟಿನಲ್ಲಿ ಕೂತಿದ್ದರು. ಮುಂಗೈ ತುಂಬ ಮುಳ್ಳು ಗೀರಿದ ಗಾಯ. ಮಂಡಿಗೆ ಬಟ್ಟೆ ಕಟ್ಟಿದ್ದರು. ದಾಳ ಹೊರಗೆ ತೆಗೆದಿರಲಿಲ್ಲ. ನಾವು ಕೂತ ಮೇಲೆ ಅವರು ಮೇಜನ್ನು ನೋಡುತ್ತಾ ಹೇಳಿದ್ದನ್ನು, ನನಗೆ ನೆನಪಿದ್ದಷ್ಟು ಇಲ್ಲಿ ಬರೆಯುತ್ತೇನೆ.

ಅವರು ನರಸಿಂಹರಾಜಪುರದ ಬಸ್ಸಿನಲ್ಲಿದ್ದಾಗ, ಇಪ್ಪತ್ತು ವರ್ಷಕ್ಕೂ ಹಿಂದೆ, ಕಡಹಿನಬೈಲಿನ ಕಡೆಯ ಒಬ್ಬ ಹುಡುಗಿ ಬಸ್ಸು ಹತ್ತಿದ್ದಳು. ಟಿಕೆಟು ಕೊಪ್ಪಕ್ಕೆ. ಆದರೆ ಇಳಿದದ್ದು ಕೊಪ್ಪಕ್ಕಿಂತ ಮೊದಲೇ, ನಾರ್ವೆ ಅನ್ನುವ ಹಳ್ಳಿ ಕಡೆ ರಸ್ತೆಯ, ಯಾರೂ ಇಳಿಯದ ಒಂದು ಸ್ಟಾಪಿನಲ್ಲಿ. ಇಳಿಯುವಾಗ ಎಡಗಾಲಿನ ಚಪ್ಪಲಿಯ ಬಾರು ಮೆಟ್ಟಿಲಿಗೆ ಸಿಕ್ಕಿ ಕಿತ್ತುಹೋಯಿತು. ಅವಳು ಕಾಲುದಾರಿ ಹಿಡಿದು ಒಳಗೆ ಹೋದಳು. ಇವರು ಬಸ್ಸಿಗೆ ಎರಡು ಸಲ ಬಡಿದು ರೈಟ್ ಅಂದರು. ಹುಡುಗಿ ಮನೆಗೆ ವಾಪಸು ಹೋಗಲಿಲ್ಲ.

"ಸ್ಟೇಷನ್ನಿನಲ್ಲಿ ಕೇಳಿದ್ರು, ಎಲ್ಲಿ ಇಳಿದ್ಲು ಅಂತ. ಕೊಪ್ಪದಲ್ಲಿ ಅಂದೆ."

"ಯಾಕಣ್ಣ?" ಅಂತ ಇಮ್ತಿಯಾಜ್ ಕೇಳಿದ.

ಅವರು ಅದನ್ನು ಬಿಟ್ಟು ಮುಂದಿನದನ್ನು ಹೇಳಿದರು. ನಾಲ್ಕು ದಿನ ಸ್ಟೇಷನ್ನಿಗೆ ಕರೆಸಿದ್ದರು. ಹುಡುಗಿಯ ಅಪ್ಪ ನರಸಿಂಹರಾಜಪುರದ ಬಸ್‌ಸ್ಟ್ಯಾಂಡಿನಲ್ಲಿ ಎಲ್ಲರೆದುರು ಕಾಲರು ಹಿಡಿದಿದ್ದ. ಬಸ್ಸಿನ ಮಾಲೀಕರು ಅವರನ್ನು ಶೃಂಗೇರಿ ರೂಟಿಗೆ ಹಾಕಿದರು. ಆದರೂ ಹುಡುಗಿಯ ಅಮ್ಮ ವರ್ಷಕ್ಕೊಂದು ಸಲ ಕೊಪ್ಪಕ್ಕೆ ಬಂದು, ಅವರ ಬಸ್ಸು ಹೊರಡುವ ಜಾಗದಲ್ಲಿ ನಿಂತು ಒಂದೇ ಮಾತು ಕೇಳುತ್ತಿದ್ದಳಂತೆ. ಕೊಪ್ಪದಲ್ಲೇ ಇಳಿದ್ಲಾ? ಇವರು ಹೌದು ಅನ್ನುತ್ತಿದ್ದರು. ಅವಳು ಸಾಯುವವರೆಗೆ ಕೇಳಿದಳು, ಇವರೂ ಹೇಳಿದರು.

"ಮೊನ್ನೆ ಆ ಸ್ಟಾಪಿಗೆ ಹೋಗಿದ್ದೆ" ಅಂದರು. "ಅಲ್ಲಿಂದ ಒಳಗೆ ನಾನು ಯಾವತ್ತೂ ಹೋದವನಲ್ಲ. ಸೀಳಿದ ಮರ ಅದೆ. ಒಂದು ಕಡೆ ಹಸಿರು. ಮೋರಿ ಕುಸಿದಿದೆ, ಒಂದೇ ಚಪ್ಪಡಿ. ಶೆಡ್ಡೂ ಅದೆ. ಬಾಗಿಲಲ್ಲಿ ನಿಂತು ನೋಡಿದೆ... ಚಕ್ರ ಅದೆ ಕಣೇ" ಅಂತ ನನ್ನ ಕಡೆ ತಿರುಗಿದರು. "ಅದರಿಂದ ಮುಂದೆ ದಾರಿ ಕಾಣ್ಲಿಲ್ಲ. ನೀವು ಇನ್ನೂ ಹೇಳಿಲ್ಲ ಅಲ್ಲ."

ಫ್ಯಾನು ತಿರುಗುತ್ತಿತ್ತು. ಹೊರಗೆ ಟಯರಿಗೆ ಗಾಳಿ ತುಂಬುವ ಸದ್ದು ನಿಂತಿತ್ತು. ನಮ್ಮ ಕಡೆ ಕಾಡು ಅಂದ ಮೇಲೆ ಸೀಳಿದ ಮರ ಎಲ್ಲಿಲ್ಲ, ಕುಸಿದ ಮೋರಿ ಎಲ್ಲಿಲ್ಲ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಹಳೇ ಪಲ್ಪಿಂಗ್ ಶೆಡ್ಡು ಎಷ್ಟಿಲ್ಲ ಅಂತ ಸುಮಿತ್ರಕ್ಕ ಹೇಳಿದರು. ಹೇಳುವಾಗ ಅವರ ದನಿ ಸರಿಯಿರಲಿಲ್ಲ. ಇಮ್ತಿಯಾಜ್ ತನ್ನ ಪಕ್ಕದ ಖಾಲಿ ಸೀಟಿನಿಂದ ಸ್ವಲ್ಪ ಸರಿದು ಕೂತ.

"ಅವಳು ಬದುಕಿದ್ದಾಳಾ ಇಲ್ವಾ ಅಂತ ಅಷ್ಟೇ ನಂಗೆ ಗೊತ್ತಾಗ್ಬೇಕು. ಇನ್ನೊಂದೇ ಒಂದು ಸಲ ಆಡುವ" ಅಂದರು ಕಂಡಕ್ಟರು. ಮೂವತ್ತು ವರ್ಷ ಜನರನ್ನು ಹತ್ತಿ, ಇಳೀರಿ ಅಂತ ಗದರಿದ ದನಿ ಅದು. ಯಾರನ್ನಾದರೂ ಬೇಡಿಕೊಳ್ಳುವುದು ಅದಕ್ಕೆ ಗೊತ್ತಿರಲಿಲ್ಲ. ನಾವು ಒಪ್ಪಿದೆವು.

ಅವರು ನೋಟ್‌ಬುಕ್ಕು ತೆರೆದರು. ನಾವು ಶೆಡ್ಡಿನ ಹತ್ತಿರ ಇದ್ದೇವೆ, ಅವಳು ಶೆಡ್ಡಿನ ಆಚೆ ನಿಂತಿದ್ದಾಳೆ. ಅಷ್ಟು ವಾರಗಳಲ್ಲಿ ಅವಳು ನಿಂತದ್ದು ಅದೇ ಮೊದಲು. ದಾಳ ಹಾಕಿದರು. ಅದು ಮೇಜಿನ ತುದಿಯವರೆಗೆ ಉರುಳಿ ನನ್ನ ಮುಂದೆ ಬಂದು ನಿಂತಿತು. ಇಪ್ಪತ್ತು.

"ತಿರುಗಿದಳು" ಅಂದರು ಕಂಡಕ್ಟರು. "ನಿನ್ನ ಸರದಿ. ಎಂತ ಕಾಣ್ತದೆ ಹೇಳು."

ನಾನು ಕಣ್ಣು ಮುಚ್ಚಿರಲಿಲ್ಲ. ಎದುರಿಗೆ ಅವರ ಮುಖ, ಮುಳ್ಳು ಗೀರಿದ ಕೈ, ರೆಕ್ಸಿನ್ ಸೀಟು, ಎಲ್ಲ ಕಾಣುತ್ತಿತ್ತು. ಅದರ ಜೊತೆಗೇ ಅವಳೂ ಕಂಡಳು. ಬೆವರಿದ ಹಣೆ, ಕೈಯಲ್ಲಿ ಒಂದು ಕಾಲಿನ ಚಪ್ಪಲಿ. ಅವಳು ನಮ್ಮನ್ನು ನೋಡಿ, ತುಟಿಯ ಮೇಲೆ ಬೆರಳಿಟ್ಟಳು. ಹೇಳಬೇಡಿ ಅನ್ನುವ ಹಾಗೆ. ಹೆದರಿಸುವ ಮುಖವಲ್ಲ ಅದು. ಹೆದರಿದ ಮುಖ. ನಾವು ಹಿಂದೆ ಬಂದದ್ದಕ್ಕೆ ಹೆದರಿದ ಮುಖ... ನಾನು ಕಂಡದ್ದನ್ನು ಹೇಳಿದರೆ, ನಿಯಮದ ಪ್ರಕಾರ ಅದು ನಿಲ್ಲುತ್ತದೆ. ಇಲ್ಲ ಅನ್ನಲು ಆಮೇಲೆ ಯಾರಿಗೂ ಸಾಧ್ಯವಿಲ್ಲ.

ಮೇಜಿಗೆ ಒಂದು ಸಲ ಬಡಿದೆ.

ಕಂಡಕ್ಟರ ಬಾಯಿ ತೆರೆದೇ ಇತ್ತು. ಸುಮಿತ್ರಕ್ಕ ನನ್ನ ತೊಡೆ ಹಿಡಿದುಕೊಂಡಿದ್ದರು. ಇಮ್ತಿಯಾಜ್, "ಹೇಳಿಬಿಡಿ ಅಕ್ಕ, ಪಾಪ ಅವ್ರು..." ಅಂದ. ಅವನನ್ನು ತಡೆದದ್ದು ಕಂಡಕ್ಟರೇ.

"ಕೇಳಬೇಡ. ಬಡಿದಾಯ್ತಲ್ಲ" ಅಂದರು. ನೋಟ್‌ಬುಕ್ಕು ಮುಚ್ಚಿದರು. ದಾಳಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕಿದರು. ಅವತ್ತು ತಲೆ ಎಣಿಸಲಿಲ್ಲ.

ಆಮೇಲೆ ನಾವು ಆಡಲಿಲ್ಲ. ಆಡುವುದಿಲ್ಲ ಅಂತ ಯಾರೂ ಹೇಳಲಿಲ್ಲ, ಭಾನುವಾರ ಯಾರೂ ಹೋಗಲಿಲ್ಲ ಅಷ್ಟೆ. ಕಂಡಕ್ಟರು ಪೇಟೆಯಲ್ಲಿ ಸಿಕ್ಕಾಗ ಎಂದಿನಂತೆ ಮಾತಾಡಿಸುತ್ತಿದ್ದರು. ಬಿಸಿಲು, ಬಸ್ಸಿನ ಟೈಮು, ನಮ್ಮ ವಕೀಲರ ಆರೋಗ್ಯ... ಆ ಒಂದು ಮಾತು ಮಾತ್ರ ಎತ್ತುತ್ತಿರಲಿಲ್ಲ. ಕೇಳಿದ್ದರೆ ಹೇಳಿಬಿಡುತ್ತಿದ್ದೆನೇನೋ. ನಾನಾಗಿ ಹೇಳಲು ನನಗೆ ಭಯ. ಯಾವುದರ ಭಯ ಅಂತ ಈಗ ಕೇಳಿದರೆ, ಅವರು ಆ ಕಾಲುದಾರಿಯಲ್ಲಿ ಮತ್ತೆ ಒಳಗೆ ಹೋಗಿಬಿಟ್ಟರೆ ಅನ್ನುವುದು ಒಂದು. ಆ ಹುಡುಗಿ ಹೇಳಬೇಡ ಅಂದಿದ್ದಳು ಅನ್ನುವುದು ಇನ್ನೊಂದು. ಮಾತಿನಲ್ಲಿ ಕಟ್ಟಿದ ಹುಡುಗಿ ಅವಳು, ಆದರೂ ಅವಳ ಮಾತು ಮುರಿಯಲು ಹೆದರಿದೆ.

ಮೂರು ವರ್ಷದ ನಂತರ ಅವರಿಗೆ ಮೂತ್ರಕೋಶದ ಕಾಯಿಲೆ ಬಂತು. ಕೊನೆಯ ದಿನಗಳಲ್ಲಿ ಇಮ್ತಿಯಾಜನ ಜೊತೆ ನೋಡಲು ಹೋಗಿದ್ದೆ. ಆಸ್ಪತ್ರೆಯ ಕಿಟಕಿಯಿಂದ ಬಿಸಿಲು ಅವರ ಕಾಲ ಮೇಲೆ ಬಿದ್ದಿತ್ತು. ಇಮ್ತಿಯಾಜ್ ಎಳನೀರು ತರಲು ಹೋದ. ಅವರು ನನ್ನನ್ನು ತುಂಬ ಹೊತ್ತು ನೋಡಿ, "ಅವತ್ತು..." ಅಂದರು. ನಾನು ಹತ್ತಿರ ಬಗ್ಗಿದೆ. ಅವರು ತಲೆ ಅಲ್ಲಾಡಿಸಿದರು. "ಬೇಡ. ತದನಂತರವೂ ಕೇಳಬಾರದು ಅಂತ ಬರೆದಾಗಿದೆ ಅಲ್ಲ." ಅಂದು ಸಣ್ಣಗೆ ನಕ್ಕರು. ಹೇಳುತ್ತೇನೆ ಅಂತ ನನಗೆ ಅನ್ನಿಸಿದ್ದು ಹೌದು. ಅಷ್ಟರಲ್ಲಿ ನರ್ಸ್ ಬಂದಳು, ಇಮ್ತಿಯಾಜ್ ಬಂದ. ನಾಳೆ ಬರುತ್ತೇನೆ ಅಂತ ಎದ್ದೆ. ಮರುದಿನ ಬೆಳಿಗ್ಗೆ ಅವರು ಇರಲಿಲ್ಲ.

ಈ ವರ್ಷ ಮಾರ್ಚಿನಲ್ಲಿ ಒಂದು ಬೆಳಿಗ್ಗೆ ನಮ್ಮ ಕಚೇರಿಗೆ ನಲವತ್ತೈದರ ಆಸುಪಾಸಿನ ಹೆಂಗಸೊಬ್ಬಳು ಬಂದಳು. ಮಾತಿನಲ್ಲಿ ಕರಾವಳಿಯ ಎಳೆ ಇತ್ತು, ಆದರೆ ಹುಟ್ಟಿದ್ದು ಕಡಹಿನಬೈಲು ಕಡೆ ಅಂದಳು. ತಾನು ಬದುಕಿದ್ದೇನೆ ಅಂತ ಒಂದು ಅಫಿಡವಿಟ್ ಆಗಬೇಕಿತ್ತು. ಮನೆಯ ವಂಶವೃಕ್ಷದಲ್ಲಿ ಅವಳ ಹೆಸರಿನ ಮುಂದೆ ಪತ್ತೆಯಿಲ್ಲ ಅಂತ ಬರೆದಿದ್ದರು. ಮಗಳಿಗೆ ಯಾವುದೋ ಪ್ರಮಾಣಪತ್ರ ಮಾಡಿಸಲು ಅದು ಅಡ್ಡ ಬಂದಿತ್ತು.

ಮನೆ ಬಿಟ್ಟ ಕಾರಣ ಏನಂತ ಬರೆಯಲಿ ಅಂತ ಕೇಳಿದೆ.

"ಇರಲಿಕ್ಕೆ ಆಗ್ತಿರ್ಲಿಲ್ಲ. ಅಷ್ಟು ಬರೆದ್ರೆ ಸಾಕಲ್ಲ?" ಅಂದಳು. ಸಾಕು ಅಂದೆ. ಹೇಗೆ ಹೋದಿರಿ ಅಂದೆ. ಅದನ್ನೂ ಹೇಳಿದಳು. ಕೊಪ್ಪಕ್ಕೆ ಟಿಕೆಟು ತೆಗೆದು, ನಾರ್ವೆ ಕಡೆ ರಸ್ತೆಯಲ್ಲಿ ಮಧ್ಯೆ ಇಳಿದದ್ದು. ಕಾಡಿನ ಆಚೆ ಗೆಳತಿಯ ಚಿಕ್ಕಮ್ಮನ ಮನೆ. ಅವರು ಮರುದಿನ ಘಟ್ಟ ಇಳಿಸಿ ಕಳಿಸಿದ್ದು.

ನನ್ನ ಬೆರಳುಗಳು ಕೀಬೋರ್ಡಿನ ಮೇಲೆ ಹಾಗೇ ಇದ್ದವು.

"ಕಂಡಕ್ಟರು ನೋಡಿದ್ರು" ಅಂದಳು ಅವಳು, ನನಗಲ್ಲ, ಕಿಟಕಿಗೆ ಹೇಳುವ ಹಾಗೆ. "ಚಪ್ಪಲಿ ಕಿತ್ತು ಬೀಳೋದ್ರಲ್ಲಿದ್ದೆ, ಅವ್ರೇ ತೋಳು ಹಿಡಿದ್ರು. ಇಲ್ಲ್ಯಾಕೆ ಇಳೀತಿ ಅಂದ್ರು. ನಾನು ಬಾಯಿ ಮೇಲೆ ಬೆರಳಿಟ್ಟೆ. ಅವ್ರು ಒಂದು ಸಲ ನನ್ನ ಮುಖ ನೋಡಿ, ರೈಟ್ ಅಂದ್ಬಿಟ್ರು."

ನಾನು ನೀರು ಕುಡಿದೆ. ಆಮೇಲೆ ದಾರಿಯಲ್ಲಿ ಭಯ ಆಗಲಿಲ್ಲವಾ ಅಂತ ಕೇಳಿದೆ. ಅಫಿಡವಿಟ್ಟಿಗೆ ಆ ಪ್ರಶ್ನೆಯ ಅಗತ್ಯ ಇರಲಿಲ್ಲ.

"ಆಯ್ತು. ಹಿಂದೆ ಯಾರೋ ಬರ್ತಿದಾರೆ ಅಂತ ಮೊದಲಿಂದ ಅನ್ನಿಸ್ತಿತ್ತು. ತಿರುಗಿ ನೋಡ್ಬಾರದು ಅಂತ ಗಟ್ಟಿ ಮಾಡ್ಕೊಂಡು ನಡೆದೆ. ಹಳೇ ಶೆಡ್ಡು ದಾಟಿದ ಮೇಲೆ ಇನ್ನು ಆಗ್ಲಿಲ್ಲ, ತಿರುಗಿದೆ. ನಾಲ್ಕು ಜನ. ಇಬ್ಬರು ಗಂಡಸ್ರು, ಇಬ್ಬರು ಹೆಂಗಸ್ರು. ನಮ್ಮ ಮನೆಯವ್ರಲ್ಲ. ಸುಮ್ನೆ ನಿಂತಿದ್ರು. ನಂಗೆ ಎಂತ ತೋಚ್ಲಿಲ್ಲ, ಅವ್ರಿಗೂ ಬಾಯಿ ಮೇಲೆ ಬೆರಳಿಟ್ಟು ತೋರಿಸಿದೆ." ಅಂದಳು. "ಅಲ್ಲಿಂದ ಮುಂದೆ ಬರ್ಲಿಲ್ಲ ಅವ್ರು. ಬಂದಿದ್ರೆ ನಾನು ಹೆದರಿ ವಾಪಸ್ ರಸ್ತೆಗೆ ಓಡ್ತಿದ್ದೆ. ಅಪ್ಪ ಅಷ್ಟೊತ್ತಿಗೆ ಹಿಂದೆ ಬಂದ ಬಸ್ಸಲ್ಲಿ ಅದೇ ರಸ್ತೆಗೆ ಬಂದಾಗಿತ್ತಂತೆ."

ಅಷ್ಟನ್ನೂ ಟೈಪು ಮಾಡಲಿಲ್ಲ. ಇಮ್ತಿಯಾಜನಿಗೆ ಆಮೇಲೆ ಹೇಳಿದಾಗ ಅವನು ಅಂಗಡಿಯ ಮುಂದಿನ ಬೆಂಚಿನ ಮೇಲೆ ಕೂತು, ಬಹಳ ಹೊತ್ತು ಕೈಯಲ್ಲಿದ್ದ ಚಪ್ಪಲಿಯ ಧೂಳು ಒರೆಸುತ್ತಲೇ ಇದ್ದ. ಸುಮಿತ್ರಕ್ಕ ಫೋನಿನಲ್ಲಿ ಕೇಳಿ, ಇನ್ನೊಂದು ಸಲ ಹೇಳು ಅಂದರು. ಎರಡನೇ ಸಲ ಹೇಳಿ ಮುಗಿಸುವ ಮೊದಲೇ ಫೋನು ಇಟ್ಟರು.

ಬೆರಳಿನ ವಿಷಯವನ್ನು ಕಂಡಕ್ಟರು ನಮಗ್ಯಾರಿಗೂ ಹೇಳಿರಲಿಲ್ಲ. ಅದು ಗೊತ್ತಿದ್ದದ್ದು ಅವರಿಗೆ ಮತ್ತು ಆ ಹುಡುಗಿಗೆ ಮಾತ್ರ. ಅವತ್ತು ಮೇಜಿನ ಮುಂದೆಯಾಗಲಿ, ಆಸ್ಪತ್ರೆಯಲ್ಲಾಗಲಿ, ಅವಳು ತುಟಿಯ ಮೇಲೆ ಬೆರಳಿಟ್ಟಳು ಅಂತ ನಾನು ಹೇಳಿದ್ದರೆ ಅವರಿಗೆ ಅರ್ಥವಾಗುತ್ತಿತ್ತು. ಶೆಡ್ಡಿನವರೆಗೂ ಅವಳು ಬದುಕಿಯೇ ಹೋದಳು, ತಾನು ಸುಮ್ಮನಿದ್ದದ್ದು ಅವಳು ಕೇಳಿಕೊಂಡದ್ದಕ್ಕೇ ಅಂತ ಅಷ್ಟಾದರೂ ಸಮಾಧಾನ ಇರುತ್ತಿತ್ತು. ಹೇಳಿದ್ದರೆ, ಆಟ ಅಲ್ಲಿ ನಿಲ್ಲದೆ ನಾವು ಅವಳ ಹಿಂದೆ ಇನ್ನೂ ಮುಂದೆ ಹೋಗಿದ್ದರೆ, ಅವಳು ತಪ್ಪಿಸಿಕೊಳ್ಳುತ್ತಿದ್ದಳಾ ಅನ್ನುವುದನ್ನು ಯೋಚಿಸಲು ಹೋದರೆ ನನ್ನ ತಲೆ ನಿಲ್ಲುವುದಿಲ್ಲ. ಆ ಯೋಚನೆಯನ್ನು ಅಲ್ಲಿಗೇ ಬಿಡುತ್ತೇನೆ.

ಅವತ್ತು ಕಚೇರಿಯಲ್ಲಿ, ಸಹಿ ಹಾಕಲು ಪೆನ್ನು ತೆಗೆದುಕೊಂಡ ಅವಳು ತಲೆ ಎತ್ತಿದಳು.

"ಆ ಕಂಡಕ್ಟರು ನಿಮಗೆ ಗೊತ್ತಾ? ಈ ಊರವರೇ ಅಂತ ಕೇಳಿದ್ದೆ."

"ಗೊತ್ತಿತ್ತು" ಅಂದೆ. "ತೀರಿಕೊಂಡು ಐದು ವರ್ಷ ಆಯ್ತು."

ಅವಳ ಕೈಯ ಪೆನ್ನು ಕಾಗದದ ಮೇಲೆ ಸುಮ್ಮನೆ ನಿಂತಿತು. "ನನ್ನಿಂದ ಅವ್ರಿಗೆ ಎಂತಾದ್ರೂ ತೊಂದ್ರೆ ಆಯ್ತಾ?"

ಸ್ಟೇಷನ್ನಿನ ನಾಲ್ಕು ದಿನ, ಕಾಲರು ಹಿಡಿದ ಅಪ್ಪ, ವರ್ಷಕ್ಕೊಂದು ಸಲ ಬಂದು ನಿಲ್ಲುತ್ತಿದ್ದ ಅವಳ ಅಮ್ಮ, ಎಲ್ಲವೂ ನನ್ನ ಬಾಯಿಯ ತುದಿಗೆ ಬಂದಿತ್ತು.

"ಇಲ್ಲ" ಅಂದೆ. "ಅವರನ್ನ ಯಾರೂ ಏನೂ ಕೇಳಲಿಲ್ಲ."

ಅವಳು ತಲೆಯಾಡಿಸಿ, ತನ್ನ ಹಳೇ ಹೆಸರಿನಲ್ಲಿ ನಿಧಾನವಾಗಿ ಸಹಿ ಹಾಕಿದಳು.